ಟರಾಂಟುಲಾ: ಹೆಸರಿನೊಡನೆ ಬಂದ ಅಪವಾದ

1962ರ ‘ಡಾಕ್ಟರ್ ನೋ’ ಚಲನಚಿತ್ರದಲ್ಲಿ, ಮಲಗಿದ್ದ ಜೇಮ್ಸ್ ಬಾಂಡ್‌ನ ಮೈಮೇಲೆ ಹರಿದಾಡುವ ದೊಡ್ಡ ಜೇಡವನ್ನು ನೀವು ನೋಡಿರಬಹುದು. ಮೈತುಂಬ ರೋಮವಿರುವ ಆ ಟರಾಂಟುಲಾ ಕಚ್ಚಿದರೆ ಮನುಷ್ಯ ಉಳಿಯುವುದಿಲ್ಲವೆಂಬುದು ಬಹುಜನರ ನಂಬಿಕೆ. ಆದರೆ ಅದರ ವಿಷದಿಂದ ಯಾರಾದರೂ ಸತ್ತ ದೃಢಪಟ್ಟ ನಿದರ್ಶನ ಒಂದೂ ಇಲ್ಲ. ಹಾಗಿದ್ದರೆ ಈ ಅಪವಾದ ಅದಕ್ಕೆ ಹೇಗೆ ಅಂಟಿಕೊಂಡಿತು?

ಉತ್ತರಕ್ಕಾಗಿ ದಕ್ಷಿಣ ಇಟಲಿಯ ಟರಾಂಟೊ ಪಟ್ಟಣಕ್ಕೆ ಹೋಗಬೇಕು. ಅದರ ಸುತ್ತಮುತ್ತ ಬೇಸಿಗೆಯ ಕೊಯ್ಲಿನ ಕಾಲದಲ್ಲಿ ಜೇಡ ಕಚ್ಚಿತೆಂದು ಜನ ನರಳುತ್ತಿದ್ದರು. ಸ್ನಾಯು ಸೆಳೆತ, ವಿಪರೀತ ಬೆವರು, ಚಡಪಡಿಕೆ ಇದರ ಲಕ್ಷಣಗಳು. ವಾದ್ಯದವರನ್ನು ಕರೆಸಿ, ರೋಗಿಯು ಸುಸ್ತಾಗಿ ಬೀಳುವ ತನಕ ಕುಣಿಸುವುದೇ ಮದ್ದು! ಶತಮಾನಗಳಿಂದ ನಡೆದುಬಂದ ಈ ಪದ್ಧತಿ, 1959ರಲ್ಲಿ ವಿದ್ವಾಂಸ ಎರ್ನೆಸ್ಟೊ ಡಿ ಮಾರ್ಟಿನೊ ಅಧ್ಯಯನಕ್ಕೆ ಹೋದಾಗಲೂ ಪೂರ್ತಿ ಅಳಿದಿರಲಿಲ್ಲ. ತಪ್ಪು ಹೊತ್ತದ್ದು ಎದ್ದು ಕಾಣುವ ದೊಡ್ಡ ತೋಳಜೇಡ. ಊರಿನ ಹೆಸರಿನಿಂದ ಬಂದ ‘ಟರಾಂಟುಲಾ’ ಮೊದಲು ಅದರದೇ ಹೆಸರು. ಆದರೆ ಅದರ ಕಡಿತ ಸೌಮ್ಯ. ಮೇಲಿನ ಲಕ್ಷಣಗಳು ಹೊಂದಿಕೆಯಾಗುವುದು ಕಪ್ಪು ಮೈಮೇಲೆ ಕೆಂಪು ಚುಕ್ಕೆಗಳಿರುವ, ಗಾತ್ರದಲ್ಲಿ ಚಿಕ್ಕದಾದ ಲ್ಯಾಟ್ರೊಡೆಕ್ಟಸ್ ಜೇಡದ ಕಡಿತಕ್ಕೆ.

ಮುಂದೆ ಅಮೆರಿಕ ಖಂಡಗಳಿಗೆ ಹೋದ ಯುರೋಪಿಯನ್ನರು ಅಲ್ಲಿ ಕಂಡ ಭಾರಿ ಜೇಡಗಳಿಗೂ ತಮಗೆ ಗೊತ್ತಿದ್ದ ಇದೇ ಹೆಸರಿಟ್ಟರು. ಅವು ಥೆರಫೋಸಿಡೇ ಎಂಬ ಬೇರೆಯೇ ಕುಟುಂಬದವು. ಹೆಸರಿನ ಜೊತೆಗೆ ಹಳೆಯ ಭಯವೂ ಸಾಗಿಹೋಯಿತು.

ಇದನ್ನು ಪರೀಕ್ಷೆಗೆ ಒಡ್ಡಿದವರಲ್ಲಿ ಅರ್ಕಾನ್ಸಾ ವಿಶ್ವವಿದ್ಯಾನಿಲಯದ ಕೀಟವಿಜ್ಞಾನಿ ವಿಲಿಯಂ ಬೇರ್ಗ್ ಮುಖ್ಯರು. ಅಂದಹಾಗೆ ಜೇಡವು ಕೀಟವಲ್ಲ, ಎಂಟು ಕಾಲಿನ ಜೀವಿ. ‘ಜೇಡರಹುಳು’ ಎನ್ನುವ ನಮ್ಮ ರೂಢಿ ತರಗತಿಯಲ್ಲಿ ಗೊಂದಲ ತರುತ್ತದೆ. 1922ರಲ್ಲಿ ಬೇರ್ಗ್ ಅವರು ಲ್ಯಾಟ್ರೊಡೆಕ್ಟಸ್ ಕುಲದ್ದೇ ಆದ ಬ್ಲ್ಯಾಕ್ ವಿಡೋ ಜೇಡದಿಂದ ಬೆರಳಿಗೆ ಕಚ್ಚಿಸಿಕೊಂಡು ಆಸ್ಪತ್ರೆ ಸೇರಿದರು. ಟರಾಂಟುಲಾದಿಂದಲೂ ಕಚ್ಚಿಸಿಕೊಂಡರು, ಅರ್ಕಾನ್ಸಾದ ಜಾತಿಯ ಕಡಿತ ಸೂಜಿ ಚುಚ್ಚಿದಷ್ಟೇ. ನೀವು ಮಾತ್ರ ಈ ಪ್ರಯೋಗಕ್ಕೆ ಕೈಹಾಕಬೇಡಿ.

ಇಂದು ಹಲವು ದೇಶಗಳಲ್ಲಿ ಟರಾಂಟುಲಾವನ್ನು ಗಾಜಿನ ಪೆಟ್ಟಿಗೆಯಲ್ಲಿ ಸಾಕುತ್ತಾರೆ. ಕೆಲವು ಜಾತಿಗಳ ಹೆಣ್ಣು 20 ವರ್ಷ ದಾಟಿಯೂ ಬದುಕಬಲ್ಲದು. ಸಾಕುವವರಿಗೆ ಕಡಿತಕ್ಕಿಂತ ರೋಮದ ಕಾಟವೇ ಹೆಚ್ಚು. ಅಮೆರಿಕದ ಅನೇಕ ಜಾತಿಗಳು ಹೊಟ್ಟೆಯ ಮೇಲಿನ ರೋಮವನ್ನು ಹಿಂಗಾಲಿನಿಂದ ಕೆರೆದು ತೂರುತ್ತವೆ. ಅದು ಕಣ್ಣಿಗೆ ಹೊಕ್ಕರೆ ಉರಿಯೂತ ಖಂಡಿತ. ಭಾರತದ ಜಾತಿಗಳಲ್ಲಿ ಆ ರೋಮವಿಲ್ಲ. ಆದರೆ ಪೊಯಿಸಿಲೊಥೀರಿಯಾ ಕುಲದವು ಕಚ್ಚಿದರೆ ಸ್ನಾಯು ಸೆಳೆತ ದಿನಗಟ್ಟಲೆ ಕಾಡಬಹುದು. ಈ ಕುಲದ ನೀಲಿ ಜೇಡವೊಂದನ್ನು 1899ರಲ್ಲಿ ಪೊಕಾಕ್ ವರ್ಣಿಸಿದರು. ಅದರ ಮಾದರಿ ಸಿಕ್ಕಿದ್ದು ನಮ್ಮ ಬಳ್ಳಾರಿಗೆ ಪೂರ್ವದಲ್ಲಿರುವ ಆಂಧ್ರದ ಗುತ್ತಿಯಲ್ಲಿ, ರೈಲ್ವೆಯವರು ಮರದ ದಿಮ್ಮಿ ಪೇರಿಸಿದ್ದ ಜಾಗದಲ್ಲಿ! ಅದರ ನಿಜವಾದ ನೆಲೆ ನಂದ್ಯಾಲದ ಕಡೆಯ ಕಾಡು. ಬಣ್ಣಕ್ಕೆ ಮರುಳಾದ ಹವ್ಯಾಸಿಗಳು ಹೊರದೇಶಗಳಲ್ಲಿ ಅದನ್ನು ಕೊಂಡು ಸಾಕುತ್ತಿದ್ದಾರೆ. ಆ ಕಾಡಿನಲ್ಲಿ ಅದು ತೀವ್ರ ಅಳಿವಿನಂಚಿನಲ್ಲಿದೆ ಎಂದು 2008ರಲ್ಲಿ ಅಂತಾರಾಷ್ಟ್ರೀಯ ಕೆಂಪು ಪಟ್ಟಿಗೆ ಸೇರಿತು.