ಅಜ್ಜನ ಗುದ್ದಲಿ, ಮೊಮ್ಮಗಳ ಕೊಡ

ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಘಟಪ್ರಭೆಯ ನೀರುಂಡು ಬೆಳೆದ ತಾಲೂಕುಗಳು. ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯದಲ್ಲಿ 51 ಟಿಎಂಸಿ ನೀರು ನಿಲ್ಲುತ್ತದೆ. ಗೋಕಾಕ ಫಾಲ್ಸ್‌ನಲ್ಲಿ ಅದೇ ಹೊಳೆ 52 ಮೀಟರ್ ಎತ್ತರದಿಂದ ಧುಮುಕುತ್ತದೆ. ಇಷ್ಟು ನೀರಿದ್ದರೂ ನೆರಳಿಗೆ ಬರ. ಕಾಲುವೆ ಬಂದಲ್ಲಿ ಕಬ್ಬು ಬಂತು. ಬೆಳೆಗೆ ನೆರಳು ಬೀಳುತ್ತದೆಂದು ಬದುವಿನ ಬೇವು, ಹುಣಸೆ, ಜಾಲಿ ಕೊಡಲಿಗೆ ಹೋದವು.

ಆ ನೆರಳನ್ನು ಮರಳಿ ತರಲು ನಮ್ಮ ಸಭೆಗಳೂ ಕೈಹಾಕಬೇಕು. ಈ ಸೀಮೆಯ ಕ್ರೈಸ್ತ ಸಭೆಗಳ ಹಿಂದಿನ ಕಥೆ ಬೆಳಗಾವಿಯಿಂದ ಶುರುವಾಗುತ್ತದೆ. 1820ರಲ್ಲಿ ಲಂಡನ್ ಮಿಶನ್ನಿನ ಜೋಸೆಫ್ ಟೇಲರ್ ಬಳ್ಳಾರಿಯಿಂದ ಅಲ್ಲಿಗೆ ಬಂದರು. ಮುಂದೆ, 20ನೇ ಶತಮಾನದ ಆರಂಭದಲ್ಲಿ, ಆ ಕೆಲಸವನ್ನು ಅಮೆರಿಕದ ಮೆಥೊಡಿಸ್ಟ್ ಮಿಶನ್ ವಹಿಸಿಕೊಂಡಿತು. ಕಥೋಲಿಕರ ಬೆಳಗಾವಿ ಧರ್ಮಕ್ಷೇತ್ರ 1953ರಲ್ಲಿ ರೂಪುಗೊಂಡಿತು. ಸಭೆಗಳ ಇತಿಹಾಸ ಬರೆಯುವಾಗ ಗುಡಿ ಕಟ್ಟಿದ ವರ್ಷ, ಪಾಲಕರ ಹೆಸರು, ಗಂಟೆ ಕೊಟ್ಟವರ ಹೆಸರು ತಪ್ಪದೆ ದಾಖಲಾಗುತ್ತವೆ. ಅಂಗಳದ ಮರ ನೆಟ್ಟವರು ಯಾರೆಂದು ಬರೆದಿಡುವವರು ವಿರಳ.

ಸಸಿ ನೆಡುವುದು ಕ್ರೈಸ್ತರಾದ ನಮಗೆ ಹೊರಗಿನಿಂದ ಬಂದ ಪಾಠವೇನೂ ಅಲ್ಲ. ಆದಿಕಾಂಡದ 21ನೇ ಅಧ್ಯಾಯದಲ್ಲಿ ಅಬ್ರಹಾಮನು ಬೇರ್ಷೆಬದಲ್ಲಿ ಮರ ನೆಡುತ್ತಾನೆ. ಆಗ ಅವನಿಗೆ ನೂರು ದಾಟಿದೆ. ಮಗ ಇಸಾಕನು ಮೊಲೆ ಬಿಟ್ಟ ಸಂಗತಿಯೂ ಅದೇ ಅಧ್ಯಾಯದಲ್ಲಿದೆ. ನೆಟ್ಟವನು ಮುದುಕ, ನೆರಳು ಉಣ್ಣಬೇಕಾದವನು ಎಳೆಗೂಸು. ಸಭೆಯ ಸಸಿ ನೆಡುವ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ಬೇಡ.

ಕ್ಯಾಲೆಂಡರ್ ಕೂಡ ನಮ್ಮ ಮಳೆಗೆ ಹೊಂದುತ್ತದೆ. ಜೂನ್ 5ರ ಪರಿಸರ ದಿನದ ಬೆನ್ನಿಗೇ ಮಿರಗದ ಮಳೆ ಕೂಡುತ್ತದೆ. 1950ರಲ್ಲಿ ಕೆ.ಎಂ. ಮುನ್ಶಿಯವರು ಆರಂಭಿಸಿದ ವನಮಹೋತ್ಸವ ಜುಲೈಯಲ್ಲಿ. ಸೆಪ್ಟೆಂಬರ್ 1ರಿಂದ ಸಂತ ಫ್ರಾನ್ಸಿಸರ ಹಬ್ಬವಾದ ಅಕ್ಟೋಬರ್ 4ರವರೆಗೆ ಜಗತ್ತಿನ ಹಲವು ಸಭೆಗಳು ಸೃಷ್ಟಿಗಾಗಿ ಪ್ರಾರ್ಥಿಸುತ್ತವೆ. ಜೂನ್‌ನಲ್ಲಿ ನೆಟ್ಟದ್ದು ಎಷ್ಟು ಉಳಿಯಿತೆಂದು ಎಣಿಸಲು ಅದೇ ತಕ್ಕ ಕಾಲ.

ನೆಡುವುದು ಒಂದು ಬೆಳಗಿನ ಕೆಲಸ. ಉಳಿಸುವುದು ಎರಡು ಮೂರು ಬೇಸಿಗೆಯದು. ಇಲ್ಲಿ ಹಿರಿಯರ ಅನುಭವ ಬೇಕು. ಎರೆ ನೆಲ ಬೇಸಿಗೆಯಲ್ಲಿ ಬಿರುಕು ಬಿಟ್ಟು ಬೇರು ಹರಿಯುತ್ತದೆ, ಅಲ್ಲಿ ಬುಡಕ್ಕೆ ಹೊದಿಕೆ ಬೇಕು. ಮಡ್ಡಿಯಲ್ಲಿ ಗುಂಡಿ ದೊಡ್ಡದಿರಬೇಕು, ತಿಪ್ಪೆಗೊಬ್ಬರ ಬೀಳಬೇಕು. ಗುಂಡಿಯನ್ನು ಬೇಸಿಗೆಯಲ್ಲೇ ತೋಡಿ ಬಿಸಿಲು ಕುಡಿಸಬೇಕು. ಇದೆಲ್ಲ ಹೊಲದಲ್ಲಿ ಬಾಳಿದ ಅಜ್ಜಂದಿರಿಗೆ ಗೊತ್ತು. ಸಂಡೆ ಸ್ಕೂಲಿನ ಹುಡುಗಿ ಸಸಿಯ ಪ್ಲಾಸ್ಟಿಕ್ ಚೀಲ ಜಗ್ಗಲು ಹೋದರೆ, "ತಡಿಯವ್ವಾ, ಬೇರಿನ ಮಣ್ಣ ಒಡದೀತು" ಎಂದು ಚೀಲವನ್ನು ಬ್ಲೇಡಿನಿಂದ ಸೀಳಿ ಹೆಂಟೆ ಒಡೆಯದಂತೆ ಇಳಿಸಿ ತೋರಿಸುವವರು ಅವರೇ. ಸುತ್ತ ಜಾಲಿಮುಳ್ಳು ಕಟ್ಟದಿದ್ದರೆ ವಾರದೊಳಗೆ ಆಡಿನ ಪಾಲು ಎಂಬುದೂ ಅವರ ಮಾತೇ. ಯುವಕರು ಗುಂಡಿ ತೋಡಬೇಕು, ಸ್ತ್ರೀ ಸಮಾಜದವರು ನೀರಿನ ಪಾಳಿ ಹಂಚಬೇಕು, ಮಕ್ಕಳು ಆರಾಧನೆಗೆ ಬರುವಾಗ ಒಂದೊಂದು ಚಿಕ್ಕ ಕೊಡ ತುಂಬಿ ತರಬೇಕು. ಸಸಿಗಳು ಅರಣ್ಯ ಇಲಾಖೆಯ ನರ್ಸರಿಯಲ್ಲಿ ರಿಯಾಯಿತಿ ದರಕ್ಕೆ ಸಿಗುತ್ತವೆ. ಬೇವು, ಹೊಂಗೆ, ಹುಣಸೆ, ನೇರಲ ನಮ್ಮ ಬಿಸಿಲಿಗೆ ಜಗ್ಗದ ಜಾತಿಗಳು. ಹಣ್ಣಿನ ಆಸೆಗೆ ಮಕ್ಕಳೂ ಹಕ್ಕಿಗಳೂ ನೇರಲದ ಬುಡ ಬಿಡುವುದಿಲ್ಲ.

ಸಭೆಗಳಿಗೆ ಒಂದು ಸಲಹೆ. ದೀಕ್ಷಾಸ್ನಾನದ ರಿಜಿಸ್ಟರ್ ಇರುವಂತೆ ಗಿಡಗಳ ರಿಜಿಸ್ಟರನ್ನೂ ಇಡೋಣ. ಪ್ರತಿ ಸಸಿಯ ಎದುರು ಎರಡು ಹೆಸರಿರಲಿ: ಅರವತ್ತು ದಾಟಿದ ಒಬ್ಬರದು, ಹನ್ನೆರಡು ದಾಟದ ಒಬ್ಬರದು. ಹಿರಿಯರು ಕರ್ತನಲ್ಲಿ ನಿದ್ರೆ ಹೋದರೆ ಆ ಜಾಗಕ್ಕೆ ಇನ್ನೊಬ್ಬ ಹಿರಿಯರು ಬರಲಿ. ಮಗುವಿಗೆ ದೃಢೀಕರಣವಾದಾಗ ಹೊಸ ಮಗುವಿನ ಹೆಸರು ಸೇರಲಿ. ಸಭೆಯ ಮುಂದಿನ ಸ್ಮರಣ ಸಂಚಿಕೆಯಲ್ಲಿ ಕಾಣಿಕೆಯ ಲೆಕ್ಕದ ಜೊತೆಗೆ ನೆಟ್ಟದ್ದೆಷ್ಟು, ಒಣಗಿದ್ದೆಷ್ಟು, ಉಳಿದದ್ದೆಷ್ಟು ಎಂಬ ಲೆಕ್ಕವೂ ಮುಚ್ಚುಮರೆಯಿಲ್ಲದೆ ಅಚ್ಚಾಗಲಿ.