ಬಾಂಬು ಹಾಕಿದವರ ಪೆನ್ಸಿಲ್ ಸಹಿ

ಬೆಳದಿಂಗಳ ರಾತ್ರಿ. ದೊಡ್ಡದೊಂದು ಅಣೆಕಟ್ಟು. ನೀರಿಗೆ ತಾಗಿದಂತೆ ಹಾರುತ್ತಿರುವ ನಾಲ್ಕು ಎಂಜಿನ್‌ಗಳ ವಿಮಾನ. ಅದರ ಹಿಂದೆ ಆಕಾಶಕ್ಕೆ ಚಿಮ್ಮಿದ ನೀರು. ಇಂಗ್ಲೆಂಡಿನಲ್ಲಿ ಇಂಥ ಚಿತ್ರಗಳನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವವರು ತುಂಬಾ ಜನ ಇದ್ದಾರೆ. ಚಿತ್ರದ ಕೆಳಗಿನ ಬಿಳಿ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಒಂದು ಸಂಖ್ಯೆ, ಕಲಾವಿದನ ಸಹಿ, ಪಕ್ಕದಲ್ಲಿ ಇನ್ನೂ ಕೆಲವು ಸಹಿಗಳು. ಆ ಸಹಿಗಳು ಆ ರಾತ್ರಿ ಆ ವಿಮಾನಗಳಲ್ಲಿ ಕೂತಿದ್ದವರವು.

ಅಂಥ ಸಹಿ ಹಾಕಿದವರಲ್ಲಿ ಒಬ್ಬರು ಜಾರ್ಜ್ ಜಾನ್ಸನ್. ಎಲ್ಲರೂ ಕರೆಯುತ್ತಿದ್ದದ್ದು ಜಾನಿ ಅಂತ. ಅವರ ಕಥೆಯನ್ನು ನಾವು ಆರಿಸಿಕೊಂಡದ್ದಕ್ಕೆ ಕಾರಣ ಇದೆ. ಅವರು ಹಳ್ಳಿಯ ಹುಡುಗ. ಅವರು ಒಡೆಯಲು ಹೋದದ್ದು ಮಣ್ಣಿನ ಏರಿ. ಏರಿ ಒಡೆದರೆ ಏನಾಗುತ್ತದೆ ಅಂತ ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ತಾಯಿ ಇಲ್ಲದ ಹುಡುಗ

ಜಾನ್ಸನ್ ಹುಟ್ಟಿದ್ದು 1921ರಲ್ಲಿ, ಇಂಗ್ಲೆಂಡಿನ ಲಿಂಕನ್‌ಶೈರ್‌ನ ಹ್ಯಾಮರಿಂಗ್‌ಹ್ಯಾಮ್ ಎಂಬ ಹಳ್ಳಿಯಲ್ಲಿ. ಅಪ್ಪ ಜಮೀನಿನಲ್ಲಿ ದುಡಿಯುತ್ತಿದ್ದವರು. ಮಗುವಿಗೆ ಮೂರು ತುಂಬುವ ಮೊದಲೇ ತಾಯಿ ತೀರಿಕೊಂಡರು. ತಂದೆ ಅಥವಾ ತಾಯಿಯನ್ನು ಕಳೆದುಕೊಂಡ ರೈತಾಪಿ ಮನೆಯ ಮಕ್ಕಳಿಗಾಗಿಯೇ ನಡೆಯುತ್ತಿದ್ದ ಒಂದು ಕೃಷಿ ಶಾಲೆಯಲ್ಲಿ ಓದಿದರು.

1940ರಲ್ಲಿ ವಾಯುಪಡೆ ಸೇರಿದರು. ಪೈಲಟ್ ತರಬೇತಿಗೆ ಅಮೆರಿಕಕ್ಕೆ ಕಳಿಸಿದರೂ ಪೈಲಟ್ ಆಗಲಿಲ್ಲ. ಮೊದಲು ವಿಮಾನದ ಬಂದೂಕು ಹಿಡಿದರು, ಆಮೇಲೆ ಬಾಂಬ್ ಏಮರ್ ಆದರು. ಲ್ಯಾಂಕಾಸ್ಟರ್ ವಿಮಾನದಲ್ಲಿ ಏಳು ಜನ ಇರುತ್ತಿದ್ದರು. ಬಾಂಬ್ ಏಮರ್ ವಿಮಾನದ ಮೂತಿಯಲ್ಲಿ ಹೊಟ್ಟೆಯ ಮೇಲೆ ಮಲಗಿ, ಗಾಜಿನಿಂದ ಕೆಳಗೆ ನೋಡುತ್ತಾ ಗುಂಡಿ ಒತ್ತಬೇಕು. ನೆಲದ ಮೇಲೆ ಏನಿದೆ ಅಂತ ಎಲ್ಲರಿಗಿಂತ ಚೆನ್ನಾಗಿ ಕಾಣುವುದು ಅವನಿಗೇ.

ಮದುವೆ ನಿಶ್ಚಯವಾಗಿದ್ದಾಗಲೇ ಹೊಸ ತಂಡಕ್ಕೆ ಕರೆ ಬಂತು. ರಜೆ ಇಲ್ಲ ಅಂದರು. ಅವರ ಪೈಲಟ್ ಜೋ ಮೆಕಾರ್ಥಿ, ಅಮೆರಿಕದವರು, ಮೇಲಧಿಕಾರಿ ಗೈ ಗಿಬ್ಸನ್ ಎದುರು ನಿಂತು ರಜೆ ಕೇಳಿದರು. 1943ರ ಏಪ್ರಿಲ್ 3ರಂದು ಮದುವೆ ಆಯಿತು. ಆರು ವಾರ ಕಳೆಯುವಷ್ಟರಲ್ಲಿ ಆ ರಾತ್ರಿ ಬಂತು.

ಕಲ್ಲಿನ ಕಟ್ಟೆ, ಮಣ್ಣಿನ ಕಟ್ಟೆ

ಜರ್ಮನಿಯ ರೂರ್ ಪ್ರದೇಶದ ಕಾರ್ಖಾನೆಗಳಿಗೆ ನೀರು, ವಿದ್ಯುತ್ ಒದಗಿಸುತ್ತಿದ್ದ ಅಣೆಕಟ್ಟುಗಳನ್ನು ಒಡೆಯುವುದು ಬ್ರಿಟನ್ನಿನ ಯೋಜನೆ. ಎಂಜಿನಿಯರ್ ಬಾರ್ನ್ಸ್ ವಾಲಿಸ್ ಅದಕ್ಕಾಗಿಯೇ ಒಂದು ಬಾಂಬು ಮಾಡಿದ್ದರು. ಪೀಪಾಯಿಯಂತೆ ಇದ್ದ ಅದರ ತೂಕ ಸುಮಾರು 4,200 ಕೆ.ಜಿ. ಕೆರೆಯಲ್ಲಿ ಮಕ್ಕಳು ಚಪ್ಪಟೆ ಕಲ್ಲು ಎಸೆದರೆ ಪುಟಿಯುತ್ತಾ ಹೋಗುತ್ತದಲ್ಲ, ಹಾಗೆ ಇದು ನೀರಿನ ಮೇಲೆ ಪುಟಿದು ಹೋಗಿ ಗೋಡೆಗೆ ತಾಗಿ, ಮುಳುಗಿ, ನೀರಿನಡಿ ಸಿಡಿಯಬೇಕು. ಅದಕ್ಕಾಗಿ ವಿಮಾನ ನೀರಿನಿಂದ ಬರೀ 60 ಅಡಿ ಎತ್ತರದಲ್ಲಿ ಹಾರಬೇಕಿತ್ತು.

ಮೋನೆ ಮತ್ತು ಎಡರ್ ಅಣೆಕಟ್ಟುಗಳು ಕಲ್ಲಿನವು. ಸೋರ್ಪೆ ಮಾತ್ರ ಬೇರೆ. ಒಳಗೆ ಕಾಂಕ್ರೀಟ್ ಗೋಡೆ, ಎರಡೂ ಕಡೆ ಮಣ್ಣಿನ ಇಳಿಜಾರು. ನಮ್ಮ ಕೆರೆ ಏರಿಯ ದೊಡ್ಡ ರೂಪ ಅನ್ನಿ. ಕಲ್ಲಿನ ಗೋಡೆ ಬಿರುಕು ಬಿಟ್ಟು ಉರುಳುತ್ತದೆ, ಮಣ್ಣಿನ ಏರಿ ಪೆಟ್ಟನ್ನು ನುಂಗಿಕೊಳ್ಳುತ್ತದೆ. ಅದು ಹೋಗಬೇಕಾದರೆ ಮೇಲ್ಭಾಗ ಕುಸಿದು, ನೀರು ಹರಿದು, ತಾನೇ ಕೊರೆದುಕೊಂಡು ಹೋಗಬೇಕು. ಸೋರ್ಪೆಯನ್ನು ಒಡೆಯುವ ಲೆಕ್ಕವೂ ಇದೇ ಆಗಿತ್ತು. ಪುಟಿಯುವ ಬಾಂಬು ಅಲ್ಲಿ ಉಪಯೋಗವಿಲ್ಲ. ಏರಿಯ ಉದ್ದಕ್ಕೂ ಹಾರಿ, ನಟ್ಟನಡುವೆ ನೀರಿನ ಕಡೆಗೆ ಉರುಳಿಸಬೇಕು.

1943ರ ಮೇ 16ರ ರಾತ್ರಿ 19 ಲ್ಯಾಂಕಾಸ್ಟರ್‌ಗಳು ಹೊರಟವು. ಸೋರ್ಪೆಗೆ ಮೊದಲು ನಿಗದಿಯಾಗಿದ್ದು ಐದು. ಎರಡು ದಾರಿಯಲ್ಲೇ ನಾಶವಾದವು, ಎರಡು ವಾಪಸ್ ಬಂದವು. ಮೆಕಾರ್ಥಿಯ ವಿಮಾನ ಹೊರಡುವ ಹೊತ್ತಿಗೆ ಕೆಟ್ಟಿತು. ತಂಡ ಇನ್ನೊಂದು ವಿಮಾನ ಹತ್ತಿ ಅರ್ಧ ಗಂಟೆಗೂ ಹೆಚ್ಚು ತಡವಾಗಿ ಹೊರಟಿತು. ಆ ಐದರಲ್ಲಿ ಸೋರ್ಪೆ ಮುಟ್ಟಿದ್ದು ಅದೊಂದೇ.

ಅಲ್ಲಿ ಗುಡ್ಡಗಳ ನಡುವೆ ಇಳಿಯಬೇಕು, ದಾರಿಯಲ್ಲಿ ಊರಿನ ಚರ್ಚಿನ ಗೋಪುರ. ಒಂದು ಸಲ ಹಾರಿದರು, ಸರಿ ಬರಲಿಲ್ಲ. ಇನ್ನೊಂದು ಸಲ, ಮತ್ತೊಂದು ಸಲ. ಸರಿಯಾಗಿಲ್ಲ ಅನ್ನಿಸಿದಾಗಲೆಲ್ಲ ಜಾನ್ಸನ್ ಬಾಂಬು ಬಿಡಲಿಲ್ಲ. ಉಳಿದವರು ಬೈದುಕೊಂಡರು. ಹತ್ತನೇ ಸಲಕ್ಕೆ ಗುಂಡಿ ಒತ್ತಿದರು. ಆಗ ಅವರಿಗೆ 21 ವರ್ಷ.

ಏರಿಯ ತಲೆ ಸ್ವಲ್ಪ ಕುಸಿಯಿತು, ಅಷ್ಟೇ. ಆಮೇಲೆ ಇನ್ನೊಂದು ವಿಮಾನವೂ ಬಂದು ಬಾಂಬು ಹಾಕಿತು. ಸೋರ್ಪೆ ಒಡೆಯಲಿಲ್ಲ. ಮೋನೆ ಮತ್ತು ಎಡರ್ ಒಡೆದವು.

ಸಹಿ ಇಲ್ಲದವರು

ಹೋದ 133 ಜನರಲ್ಲಿ 53 ಮಂದಿ ಸತ್ತರು, ಮೂವರು ಸೆರೆಯಾದರು. ಎಂಟು ವಿಮಾನ ಮರಳಲಿಲ್ಲ.

ಕೆಳಗೆ, ಕಣಿವೆಯಲ್ಲಿ, ಸುಮಾರು 1,300 ಜನ ನೀರಿನಲ್ಲಿ ಹೋದರು. ಹೊಲ, ದನ, ಸೇತುವೆ, ಮನೆ ಎಲ್ಲ ಕೊಚ್ಚಿಹೋದವು. ಮೋನೆಯ ಕೆಳಗಿನ ನೈಹೈಮ್ ಊರಿನಲ್ಲಿ ಒಂದು ಶಿಬಿರ ಇತ್ತು. ಜರ್ಮನರು ಸೋವಿಯತ್ ಒಕ್ಕೂಟದಂಥ ದೇಶಗಳಿಂದ ಬಲವಂತವಾಗಿ ಹಿಡಿದು ತಂದು ದುಡಿಸುತ್ತಿದ್ದ ಹೆಂಗಸರು ಅಲ್ಲಿದ್ದರು. ಅವರಲ್ಲಿ ನೂರಾರು ಮಂದಿ ಮುಳುಗಿದರು. ಬಾಂಬು ಹಾಕಿದವರಿಗೆ ಅವರು ಶತ್ರುಗಳಲ್ಲ. ಶತ್ರುವಿನ ಕೈಯಲ್ಲಿ ಸಿಕ್ಕಿಬಿದ್ದವರು.

ಮೋನೆಯನ್ನು ಜರ್ಮನರು ಅದೇ ವರ್ಷ ಮತ್ತೆ ಕಟ್ಟಿದರು. 1977ರಲ್ಲಿ ಜಿನೀವಾ ಒಪ್ಪಂದಗಳಿಗೆ ಸೇರಿಸಿದ ನಿಯಮದಲ್ಲಿ, ಜನರಿಗೆ ಭಾರಿ ಹಾನಿ ಆಗುವಂತಿದ್ದರೆ ಅಣೆಕಟ್ಟಿನ ಮೇಲೆ ದಾಳಿ ಮಾಡಬಾರದು ಅಂತ ಬರೆದರು.

ಚಿತ್ರದ ವ್ಯಾಪಾರ

ಯುದ್ಧ ಮುಗಿದ ಮೇಲೆ ಬಾಂಬರ್ ಪಡೆಯವರನ್ನು ಹೊಗಳಲು ಸರ್ಕಾರಕ್ಕೆ ಮುಜುಗರ. ಜರ್ಮನಿಯ ಊರುಗಳು ಸುಟ್ಟುಹೋಗಿದ್ದವು. ಆ ಪಡೆಯ ಸುಮಾರು 1,25,000 ವಿಮಾನ ಸಿಬ್ಬಂದಿಯಲ್ಲಿ 55,573 ಮಂದಿ ಸತ್ತಿದ್ದರು. ಆದರೂ ಲಂಡನ್ನಿನಲ್ಲಿ ಅವರ ದೊಡ್ಡ ಸ್ಮಾರಕ ಆದದ್ದು 2012ರಲ್ಲಿ.

ಆ ನಡುವಿನ ವರ್ಷಗಳಲ್ಲಿ ಅವರನ್ನು ನೆನಪಿನಲ್ಲಿ ಇಟ್ಟಿದ್ದರಲ್ಲಿ ಈ ಚಿತ್ರಗಳ ಪಾಲೂ ಇದೆ. ರಾಬರ್ಟ್ ಟೇಲರ್, ಜೆರಾಲ್ಡ್ ಕೋಲ್ಸನ್ ಮುಂತಾದವರು ಮೂಲ ಚಿತ್ರ ಬರೆಯುತ್ತಿದ್ದರು. ಅದನ್ನು ಒಳ್ಳೆಯ ಕಾಗದದ ಮೇಲೆ ಇಷ್ಟೇ ಪ್ರತಿ ಅಂತ ನಿಗದಿ ಮಾಡಿ ಮುದ್ರಿಸುತ್ತಾರೆ. 125/500 ಅಂತ ಬರೆದಿದ್ದರೆ ಐದುನೂರರಲ್ಲಿ ನೂರಿಪ್ಪತ್ತೈದನೆಯದು. ಆಮೇಲೆ ವಯಸ್ಸಾದ ಯೋಧರನ್ನು ಕೂರಿಸಿ ಒಂದೊಂದು ಪ್ರತಿಗೂ ಸಹಿ ಮಾಡಿಸುತ್ತಾರೆ. ಪೆನ್ಸಿಲ್ ಯಾಕೆಂದರೆ ಶಾಯಿಯಂತೆ ಅದು ಬಣ್ಣ ಮಾಸುವುದಿಲ್ಲ. ಭೂತಗನ್ನಡಿ ಹಿಡಿದರೆ ಕೈಬರಹವೋ ಮುದ್ರಣದ ಚುಕ್ಕಿಗಳೋ ಅಂತಲೂ ತಿಳಿಯುತ್ತದೆ. ಬಂದ ಹಣದಲ್ಲಿ ಒಂದಷ್ಟು ಯೋಧರ ನೆರವಿನ ನಿಧಿಗಳಿಗೂ ಹೋಗುತ್ತಿತ್ತು.

ಸಹಿ ಹೆಚ್ಚಿದಷ್ಟೂ ಬೆಲೆ ಹೆಚ್ಚು. ಸಹಿ ಮಾಡಿದವರು ತೀರಿಕೊಂಡರೆ ಇನ್ನೂ ಹೆಚ್ಚು. ಮುದುಕರಿಗೂ ಇದು ಗೊತ್ತಿತ್ತು.

ಸೋರ್ಪೆಗೆ ಹೊರಟು ದಾರಿಯಲ್ಲಿ ಗುಂಡೇಟು ತಿಂದು ವಾಪಸಾದ ಪೈಲಟ್ ಒಬ್ಬರು ಲೆಸ್ ಮನ್ರೊ, ನ್ಯೂಜಿಲೆಂಡಿನ ರೈತ. 2015ರಲ್ಲಿ ಅವರು ಲಂಡನ್ ಸ್ಮಾರಕದ ನಿರ್ವಹಣೆಗೆ ಹಣ ಬೇಕು ಅಂತ ತಮ್ಮ ಪದಕಗಳನ್ನೇ ಹರಾಜಿಗೆ ಇಟ್ಟರು. ದಾನಿಯೊಬ್ಬರು ಹಣ ಕೊಟ್ಟರು, ಪದಕಗಳು ಅವರ ದೇಶದ ವಸ್ತುಸಂಗ್ರಹಾಲಯಕ್ಕೆ ಹೋದವು. ಅದೇ ವರ್ಷ ಮನ್ರೊ ತೀರಿಕೊಂಡರು.

ಜಾನ್ಸನ್ 1962ರಲ್ಲಿ ವಾಯುಪಡೆ ಬಿಟ್ಟು ಮೇಷ್ಟರಾದರು. ಮಕ್ಕಳಿಗೆ ಕಲಿಸಿದರು, ಆಮೇಲೆ ಮಾನಸಿಕ ರೋಗಿಗಳ ಆಸ್ಪತ್ರೆಯಲ್ಲೂ ಕಲಿಸಿದರು. 2022ರ ಡಿಸೆಂಬರ್‌ನಲ್ಲಿ, 101ನೇ ವಯಸ್ಸಿನಲ್ಲಿ ತೀರಿಕೊಂಡಾಗ ಆ ರಾತ್ರಿ ಹೋದವರಲ್ಲಿ ಉಳಿದಿದ್ದ ಕೊನೆಯವರು ಅವರೇ. ಇನ್ನು ಯಾವ ಚಿತ್ರಕ್ಕೂ ಹೊಸ ಸಹಿ ಬೀಳುವುದಿಲ್ಲ.

ಜಾನ್ಸನ್ ಧೈರ್ಯವಂತರು, ಅದರಲ್ಲಿ ನಮಗೆ ಅನುಮಾನವಿಲ್ಲ. ಒಂಬತ್ತು ಸಲ ಬೇಡ ಅನ್ನಲು ಎದೆ ಬೇಕು. ಆದರೆ ಇಂಥ ಚಿತ್ರವನ್ನು ವಿಮಾನದ ಎತ್ತರದಿಂದ ಬರೆದಿರುತ್ತಾರೆ. ನೀರು ಚಿಮ್ಮುವುದು ಕಾಣುತ್ತದೆ, ನೀರು ಹೋಗಿ ತಲುಪುವ ಊರು ಕಾಣುವುದಿಲ್ಲ. ಏರಿಯ ಕೆಳಗೆ ಮನೆ ಕಟ್ಟಿಕೊಂಡವರು ನಾವು. ಚಿತ್ರ ನೋಡುವಾಗ ನಮ್ಮ ಕಣ್ಣು ಆ ಕಡೆಗೂ ಹೋಗುತ್ತದೆ.

ನಿಮ್ಮ ಊರಿನಲ್ಲೂ ಸೈನ್ಯಕ್ಕೆ ಹೋಗಿ ಬಂದ ಹಿರಿಯರು ಇರಬಹುದು. ಅವರು ಮಾತಾಡುವ ಮನಸ್ಸು ಮಾಡಿದ ದಿನ ಪಕ್ಕದಲ್ಲಿ ಕೂತು ಕೇಳಿ. ಹೆಸರು, ಊರು, ವರ್ಷ ಬರೆದಿಡಿ. ಪೆನ್ಸಿಲ್ ಆದರೂ ಸಾಕು.