ಪದ ಪರಿಚಯ: ಅನುಮತಿ

‘ಮತಿ’ ಎಂದರೆ ಮನಸ್ಸು, ಅಭಿಪ್ರಾಯ. ‘ಅನು’ ಎಂದರೆ ಜೊತೆಗೆ, ಹಿಂದೆ. ಒಬ್ಬರ ಕೋರಿಕೆಯ ಹಿಂದೆ ಇನ್ನೊಬ್ಬರ ಮನಸ್ಸೂ ನಡೆದುಬಂದರೆ ಅದು ಅನುಮತಿ. ವೇದದಲ್ಲಿ ಇದೊಂದು ದೇವತೆಯ ಹೆಸರು. ಚಂದ್ರನಿಗೆ ಒಂದು ಕಲೆ ಕಡಿಮೆಯಿರುವ ಹುಣ್ಣಿಮೆಗೂ ಇದೇ ಹೆಸರು. ಎಷ್ಟು ಚೆಂದದ ನಾಮಕರಣ!

ನ್ಯಾಯಾಲಯದಲ್ಲಿ ಈ ಪದಕ್ಕೆ ತೂಕ ಹೆಚ್ಚು. ಸಿವಿಲ್ ಡಿಕ್ರಿಯ ವಿರುದ್ಧ ಮೊದಲ ಮೇಲ್ಮನವಿ ಸಾಮಾನ್ಯವಾಗಿ ಪಕ್ಷಗಾರನ ಹಕ್ಕು, ಅನುಮತಿ ಬೇಕಿಲ್ಲ. ಹೈಕೋರ್ಟಿಗೆ ಎರಡನೆಯ ಮೇಲ್ಮನವಿ ಹೋಗಬೇಕಾದರೆ ಕಾನೂನಿನ ಮಹತ್ವದ ಪ್ರಶ್ನೆ ಇರಲೇಬೇಕು. ಮುಂದೆ ಸುಪ್ರೀಂ ಕೋರ್ಟಿಗೆ ಹೋಗಲು ಹೈಕೋರ್ಟಿನ ಪ್ರಮಾಣಪತ್ರ ಸಿಗದಿದ್ದರೆ, ಸಂವಿಧಾನದ 136ನೇ ವಿಧಿಯಡಿ ‘ವಿಶೇಷ ಅನುಮತಿ’ ಕೇಳಬೇಕು. ವಕೀಲರು ‘ಎಸ್‌ಎಲ್‌ಪಿ’ ಎನ್ನುವುದು ಈ ಅರ್ಜಿಯನ್ನೇ. ಅನುಮತಿ ಸಿಕ್ಕ ಮೇಲಷ್ಟೇ ಅದು ಮೇಲ್ಮನವಿಯಾಗುತ್ತದೆ.